ತುಮಕೂರಿನಲ್ಲಿ ವೇರಿಕೋಸ್ ಸಾಕ್ಸ್ ಕೊಳ್ಳುವವರಿಗೆ: ಟೇಪು ತೆಗೆಯದ ಅಂಗಡಿ ಬೇಡ

ವೇರಿಕೋಸ್ ಅಂದರೆ ಕಾಲಿನಲ್ಲಿ ಉಬ್ಬಿದ ನರ, ಅದಕ್ಕೆ ಹಾಕುವ ಬಿಗಿ ಸಾಕ್ಸ್ ಇದು. ಬಿ.ಎಚ್. ರಸ್ತೆಯ ಮೆಡಿಕಲ್‌ಗಳಲ್ಲಿ ‘ವೇರಿಕೋಸ್ ಸಾಕ್ಸ್ ಕೊಡಿ’ ಅಂದರೆ ಎದುರಿಗೆ ಬರುವುದು ಒಂದೇ ಸಾಮಾನಲ್ಲ. ಮೈಬಣ್ಣದ, ಬೆರಳು ತೆರೆದ, ಮಂಡಿ ಕೆಳಗಿನವರೆಗೆ ಬರುವ, ಕ್ಲಾಸ್ 2 ಎಂಬ ಒತ್ತಡದ ದರ್ಜೆಯದು ಒಂದು. ಆಸ್ಪತ್ರೆಯ ಬಿಳಿ ಸಾಕ್ಸ್ ಇನ್ನೊಂದು. ಮೇಲಿಂದ ಕೆಳಗೆ ಒಂದೇ ಅಗಲದ ಕೊಳವೆ ಬ್ಯಾಂಡೇಜ್ ಮತ್ತೊಂದು. ಆನ್‌ಲೈನಿನ ಬಣ್ಣಬಣ್ಣದ ಸ್ಪೋರ್ಟ್ಸ್ ಸಾಕ್ಸ್ ಬೇರೆಯೇ ಇದೆ. ಕಂಡಕ್ಟರ್, ಮೇಷ್ಟ್ರು, ಹೋಟೆಲ್ ಸಪ್ಲೈಯರ್, ವಸಂತನರಸಾಪುರದ ಫ್ಯಾಕ್ಟರಿ ಲೈನಿನಲ್ಲಿ ನಿಲ್ಲುವವರು, ಇಂಥವರಿಗೆ ಉಬ್ಬಿದ ನರಕ್ಕೆಂದು ಡಾಕ್ಟರು ಬರೆದುಕೊಟ್ಟಿದ್ದರೆ ಸಾಮಾನ್ಯವಾಗಿ ಬೇಕಾಗುವುದು ಮೊದಲನೆಯದು. ಒಂದು ಜೊತೆಯ ಬೆಲೆ ಸಾವಿರದಿಂದ ಮೂರು ಸಾವಿರದವರೆಗೂ ಹೋಗುತ್ತದೆ. ಅಳತೆ ಸರಿಯಿದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ತಪ್ಪಿದರೆ ಹಣವೂ ದಂಡ, ಕಾಲಿಗೂ ಗಾಯ.

ಡಬ್ಬಿ ಮೇಲಿನ ಅಂಕಿ ನೋಡಿ. ಬಿ.ಪಿ. ಅಳೆಯುವ ಮಿ.ಮೀ. ಪಾದರಸದ ಲೆಕ್ಕವೇ ಇಲ್ಲಿಯದೂ. ಕ್ಲಾಸ್ 1 ಅಂದರೆ 18ರಿಂದ 21, ಕ್ಲಾಸ್ 2 ಅಂದರೆ 23ರಿಂದ 32, ಕ್ಲಾಸ್ 3 ಅಂದರೆ 34ರಿಂದ 46. ಇದು ಕಾಲ್ಗಿಣ್ಣಿನ ಹತ್ತಿರದ ಒತ್ತಡ. ಮೇಲೆ ಹೋದಂತೆ ಅದು ಕಡಿಮೆಯಾಗಬೇಕು, ಆಗಲೇ ರಕ್ತ ಮೇಲಕ್ಕೆ ಸರಿಯುವುದು. ಅಂಕಿಯೇ ಇಲ್ಲದೆ ಬರೀ ‘ಹೈ ಕಂಪ್ರೆಷನ್’ ಎಂದು ಬರೆದ ಡಬ್ಬಿಯನ್ನು ಅಲ್ಲೇ ವಾಪಸ್ ಕೊಡಿ. ಕೊಳವೆ ಬ್ಯಾಂಡೇಜಿಗೆ ಈ ಇಳಿಕೆ ಇಲ್ಲ. ಉಳುಕಿಗೆ ಸರಿ, ವೇರಿಕೋಸ್‌ಗೆ ಅಲ್ಲ.

ಬಿಳಿ ಸಾಕ್ಸ್ ಇರುವುದು ಮಲಗಿದ ರೋಗಿಗೆ. ಗಿಣ್ಣಿನ ಹತ್ತಿರ ಅದರ ಒತ್ತಡ ಸುಮಾರು 14ರಿಂದ 18 ಮಾತ್ರ. ಆಪರೇಷನ್ ಮುಗಿಸಿ ಮನೆಗೆ ಬಂದವರು ಅದನ್ನೇ ಹಾಕಿಕೊಂಡು ದಿನವಿಡೀ ಓಡಾಡಿದರೆ ವೇರಿಕೋಸ್‌ಗೆ ಹೆಚ್ಚೇನೂ ಉಪಯೋಗವಿಲ್ಲ. ಪಾರ್ಶ್ವವಾಯು ಆದವರಿಗೆ ಮನೆಯವರೇ ತಂದು ತೊಡಿಸುವುದೂ ಉಂಟು, ಅದು ಬೇಡ. 2009ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಕ್ಲಾಟ್ಸ್ ಅಧ್ಯಯನದಲ್ಲಿ, ತೊಡೆಯವರೆಗಿನ ಇಂಥ ಸಾಕ್ಸ್ ಹಾಕಿದ ಪಾರ್ಶ್ವವಾಯು ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು ತಗ್ಗಲಿಲ್ಲ, ಚರ್ಮದ ಗಾಯ ಮಾತ್ರ ಹೆಚ್ಚಿತು.

ಇನ್ನು ಅಳತೆ. ‘ನಿಮ್ಮದು ಎಂಟು ನಂಬರ್ ಚಪ್ಪಲೀನಾ? ಹಾಗಾದ್ರೆ ಎಲ್ ತಗೊಳ್ಳಿ’ ಎನ್ನುವ ಅಂಗಡಿಯಿಂದ ಹೊರಗೆ ಬನ್ನಿ. ಬೇಕಾದದ್ದು ಮೂರು ಅಳತೆ: ಗಿಣ್ಣಿನ ಮೂಳೆಗಿಂತ ಸ್ವಲ್ಪ ಮೇಲೆ, ಕಾಲು ಎಲ್ಲಕ್ಕಿಂತ ಸಣ್ಣಗಿರುವ ಕಡೆಯ ಸುತ್ತಳತೆ, ಮೀನಖಂಡ ಎಲ್ಲಕ್ಕಿಂತ ದಪ್ಪಗಿರುವ ಕಡೆಯದು, ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗಿನ ಉದ್ದ. ಎರಡೂ ಕಾಲಿಗೆ ಬೇರೆಬೇರೆ ತೆಗೆಯಬೇಕು, ಬಾವು ಇರುವ ಕಾಲು ಇನ್ನೊಂದರಂತೆ ಇರುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅಳೆದರೆ ನಿಜವಾದ ಅಳತೆ ಸಿಗುತ್ತದೆ. ಸಂಜೆ ಅಂಗಡಿಗೆ ಹೋಗಿ ಕಾಲು ಕೊಟ್ಟರೆ ಬಾವನ್ನೂ ಸೇರಿಸಿ ಅಳೆದಂತೆ, ಮಾರನೇ ದಿನ ಸಾಕ್ಸ್ ಸಡಿಲ. ಹಾಗಾಗಿ ಮನೆಯಲ್ಲೇ ದರ್ಜಿ ಟೇಪಿನಿಂದ ಸೆಂಟಿಮೀಟರ್‌ನಲ್ಲಿ ಅಳೆದು, ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಬ್ಬಿಯ ಹಿಂದಿನ ಪಟ್ಟಿಗೆ ಹೊಂದಿಸಿ. ಗಿಣ್ಣು ಎಂ, ಮೀನಖಂಡ ಎಕ್ಸ್‌ಎಲ್ ಬಂದರೆ ಆ ಕಂಪನಿಯದು ನಿಮಗಲ್ಲ, ಬೇರೆ ಪಟ್ಟಿ ನೋಡಿ ಅಥವಾ ಅಳತೆ ಕೊಟ್ಟು ಮಾಡಿಸಿ.

ತೊಡುವುದು ಹಾಸಿಗೆಯಿಂದ ಇಳಿಯುವ ಮೊದಲು. ಸ್ನಾನ ಮುಗಿಸಿಯೇ ಹಾಕುವವರು ಕಾಲು ಚೆನ್ನಾಗಿ ಒರೆಸಿ, ಹತ್ತು ಹದಿನೈದು ನಿಮಿಷ ಕಾಲು ಮೇಲಿಟ್ಟು ಮಲಗಿ ಆಮೇಲೆ ಹಾಕಲಿ. ಕಾಲುಂಗುರ, ಕಾಲುಚೈನು ತೆಗೆದಿಡಿ. ಸಾಕ್ಸಿನೊಳಗೆ ಕೈ ಬಿಟ್ಟು ಹಿಮ್ಮಡಿ ಭಾಗವನ್ನು ಹಿಡಿದು, ಅಲ್ಲಿಯವರೆಗೆ ಒಳಗು ಹೊರಗು ಮಾಡಿ. ಪಾದ ತೂರಿಸಿ, ಹಿಮ್ಮಡಿಯ ಗೂಡು ಹಿಮ್ಮಡಿಗೇ ಕೂರುವಂತೆ ಮಾಡಿ, ಉಳಿದದ್ದನ್ನು ಸ್ವಲ್ಪಸ್ವಲ್ಪವಾಗಿ ಮೇಲೆ ತನ್ನಿ. ಮೇಲಿನ ಅಂಚು ಹಿಡಿದು ಜಗ್ಗಿದರೆ ಬಟ್ಟೆಯೆಲ್ಲ ಮಂಡಿ ಹತ್ತಿರ ಗುಂಪಾಗುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಅಂಗೈಯಿಂದ ಸವರಿದರೆ ಸುಕ್ಕು ಸಮವಾಗುತ್ತದೆ. ಈ ಗ್ಲೌಸ್ ಇಲ್ಲದೆ ಕ್ಲಾಸ್ 2 ಏರಿಸುವುದು ವಯಸ್ಸಾದವರಿಗೆ ನಿಜಕ್ಕೂ ಕಷ್ಟ, ಅಂಗಡಿಯವರು ಇದನ್ನು ಹೇಳುವುದೇ ಇಲ್ಲ. ಅಂಚು ಮಂಡಿಯ ಮಡಿಕೆಗಿಂತ ಎರಡು ಬೆರಳು ಕೆಳಗೆ ನಿಲ್ಲಬೇಕು.

ಉದ್ದ ಹೆಚ್ಚಾಯಿತೆಂದು ಅಂಚನ್ನು ಮಡಚಿದರೆ ಕೆಟ್ಟಿತು. ಮಡಚಿದ ಕಡೆ ಎಲಾಸ್ಟಿಕ್ ಎರಡು ಪದರವಾಗಿ ಒತ್ತಡ ಹೆಚ್ಚುತ್ತದೆ. ಕೆಳಗೆ ಹೆಚ್ಚು, ಮೇಲೆ ಕಡಿಮೆ ಇರಬೇಕಾದದ್ದು ತಿರುಗುಮುರುಗಾಗಿ ರಕ್ತ ಕೆಳಗೇ ನಿಲ್ಲುತ್ತದೆ. ‘ಸಾಕ್ಸ್ ಹಾಕಿದ್ಮೇಲೆ ಪಾದ ಇನ್ನೂ ಊದ್ಕೊಂತು’ ಎನ್ನುವವರಲ್ಲಿ ಮೊದಲು ನೋಡಬೇಕಾದದ್ದೇ ಈ ಮಡಿಕೆ. ಚಕ್ಕಳಮಕ್ಕಳ ಹಾಕಿ ಕೂತು ಎದ್ದ ಮೇಲೂ ಅಂಚು ಸುರುಳಿಯಾಗಿದೆಯೇ ಎಂದು ಒಮ್ಮೆ ನೋಡಿ. ಕಾಲು ಸಣಕಲಾದಷ್ಟೂ ಅದೇ ಬಟ್ಟೆಯ ಒತ್ತಡ ಜಾಸ್ತಿ. ಅದಕ್ಕೇ ತೆಳ್ಳಗಿನ ಮುದುಕರಿಗೆ ಮಂಡಿ ಕೆಳಗಿನ ಮುಂಭಾಗದ ಮೂಳೆ, ಗಿಣ್ಣು, ಪಾದದ ಮೇಲ್ಭಾಗದಲ್ಲಿ ಚರ್ಮ ಕೆಂಪಾಗುವುದು. ಬೆರಳು ತೆರೆದ ನಮೂನೆಯನ್ನು ಮೆಚ್ಚಲು ಕಾರಣವೂ ಇಲ್ಲಿದೆ: ಬೆರಳಿನ ಬಣ್ಣ ಕಾಣುತ್ತದೆ, ಹವಾಯಿ ಚಪ್ಪಲಿಯೂ ಹಾಕಬಹುದು. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ, ನೋವು ಬಂದರೆ ಕೂಡಲೇ ಬಿಚ್ಚಿ. ರಾತ್ರಿ ಮಲಗುವಾಗ ತೆಗೆದು ಹಿಮ್ಮಡಿ, ಬೆರಳ ಸಂದು ನೋಡುವುದನ್ನು ಬಿಡಬೇಡಿ.

ಎಲ್ಲರೂ ಹಾಕುವಂತಿಲ್ಲ. ನಿಂತಾಗ ಹೆಚ್ಚಾಗಿ, ಕಾಲು ಮೇಲಿಟ್ಟರೆ ಇಳಿಯುವ ಭಾರ, ನೋವು ವೇರಿಕೋಸ್‌ನದು. ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವ ನೋವು ರಕ್ತ ಕೆಳಗೆ ಇಳಿಯುವ ನಾಳ ಕಟ್ಟಿದ್ದರ ಗುರುತು ಇರಬಹುದು. ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಇವರು ಮೊದಲು ರಕ್ತದ ಹರಿವು ಪತ್ತೆ ಮಾಡುವ ಡಾಪ್ಲರ್ ಯಂತ್ರ ಇಟ್ಟು ಗಿಣ್ಣಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಗೆ ಹೋಲಿಸಿ ನೋಡಿಸಬೇಕು. ಅನುಪಾತ 0.8ಕ್ಕಿಂತ ಕೆಳಗಿದ್ದರೆ ಡಾಕ್ಟರನ್ನು ಕೇಳದೆ ಯಾವ ಸಾಕ್ಸೂ ಬೇಡ. 0.5ಕ್ಕಿಂತ ಕೆಳಗೆ ಖಂಡಿತ ಬೇಡ. ಸಕ್ಕರೆ ಕಾಯಿಲೆಯಲ್ಲಿ ನಾಳ ಗಡುಸಾಗಿ ಈ ಅನುಪಾತ 1.3 ದಾಟಿ ತೋರಿಸಬಹುದು, ಅದನ್ನು ಒಳ್ಳೆಯದೆಂದು ತಿಳಿಯಬೇಡಿ. ಪಾದದಲ್ಲಿ ಸ್ಪರ್ಶವೇ ಗೊತ್ತಾಗದವರು, ಹೃದಯ ವೈಫಲ್ಯ ತೀವ್ರವಾಗಿರುವವರು, ಕಾಲಿನಲ್ಲಿ ಸೋಂಕು ಇರುವವರೂ ತಾವಾಗಿಯೇ ಕೊಂಡು ಹಾಕಬಾರದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಹೋಗಬೇಕಾದದ್ದು ಆಸ್ಪತ್ರೆಗೆ, ಜೊತೆಗೆ ಉಸಿರು ಕಟ್ಟುತ್ತಿದ್ದರೆ ಆ ಕ್ಷಣವೇ.

ಬಾಳಿಕೆ ದಿನಾ ಹಾಕಿದರೆ ಸುಮಾರು ಆರು ತಿಂಗಳು. ಕೊಬ್ಬರಿ ಎಣ್ಣೆಗೆ ಬರವಿಲ್ಲದ ಜಿಲ್ಲೆ ನಮ್ಮದು, ಕಾಲಿಗೆ ಹಚ್ಚುವುದಾದರೆ ರಾತ್ರಿ ಹಚ್ಚಿ, ಬೆಳಿಗ್ಗೆ ಎಣ್ಣೆ ಕಾಲಿಗೆ ಸಾಕ್ಸ್ ಏರಿಸಿದರೆ ಎಲಾಸ್ಟಿಕ್ ಹಾಳು. ಒಡೆದ ಹಿಮ್ಮಡಿಗೂ ನೂಲು ಸಿಕ್ಕಿ ಎಳೆ ಬಿಡುತ್ತದೆ. ಉಗುರುಬೆಚ್ಚನೆ ನೀರು, ಸೌಮ್ಯ ಸೋಪಿನಲ್ಲಿ ಕೈಯಿಂದ ಒಗೆಯಿರಿ. ಕಲ್ಲಿಗೆ ಬಡಿಯುವುದು, ಬ್ರಷ್, ಬ್ಲೀಚ್, ಬಟ್ಟೆ ಮೃದು ಮಾಡುವ ದ್ರವ ಯಾವುದೂ ಬೇಡ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ. ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ಹಾಕಿದರೆ ಆರು ತಿಂಗಳೂ ಬರುವುದಿಲ್ಲ. ಒಗೆದರೂ ಬಿಗಿ ಮರಳದಿದ್ದರೆ, ಕೈಗವಸಿಲ್ಲದೆ ಸಲೀಸಾಗಿ ಏರತೊಡಗಿದರೆ ಅದರ ಕೆಲಸ ಮುಗಿದಿದೆ. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಾಯಿಸುವುದು ಒಳ್ಳೆಯದು, ಆದರೆ ಎರಡನ್ನೂ ಒಟ್ಟಿಗೆ ಕೊಳ್ಳಬೇಡಿ. ಡಬ್ಬಿ ಒಡೆದ ಮೇಲೆ ಸಾಮಾನ್ಯವಾಗಿ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಮೊದಲ ಜೊತೆ ಒಂದು ವಾರ ಹಾಕಿ, ಅಂಚಿನ ಗುರುತು ಆಳವಾಗಿ ಕೂರುತ್ತಿಲ್ಲ ಎಂದು ನೋಡಿಕೊಂಡು ಎರಡನೆಯದಕ್ಕೆ ಹೋಗಿ.