11 ವರ್ಷ ಆಕ್ಸೆಸ್‌ನಿಂದ ಕರೆಯೋಲೆ ಕಳಿಸಿದ ಅನುಭವ

ಆಕ್ಸೆಸ್ ಅಂದರೆ ಪಟ್ಟಿಗಳನ್ನು ಇಡುವ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್. ಮೊದಲ ದಿನ ಅದರ ಕೋಡ್ ಬರೆಯುವ ಜಾಗದಲ್ಲಿ ‘ನಮಸ್ಕಾರ’ ಅಂತ ಟೈಪ್ ಮಾಡಿದೆ. ತೆರೆಯ ಮೇಲೆ ಬಂದದ್ದು ಸಾಲಾಗಿ ಏಳು ಪ್ರಶ್ನೆ ಗುರುತು. ಅಳಿಸಿ ಮತ್ತೆ ಟೈಪ್ ಮಾಡಿದೆ. ಮತ್ತೆ ಏಳು. ಅಕ್ಷರ, ಒತ್ತು, ದೀರ್ಘ ಎಲ್ಲ ಸೇರಿಸಿ ಎಣಿಸಿದರೆ ಆ ಪದದಲ್ಲಿ ಏಳೇ ತುಣುಕು ಇರುವುದು, ಒಂದೊಂದಕ್ಕೂ ಒಂದೊಂದು ಪ್ರಶ್ನೆ. ಅವತ್ತು ಬೇಜಾರಾಗಿ ಕಂಪ್ಯೂಟರ್ ಮುಚ್ಚಿ ಎದ್ದುಬಿಟ್ಟೆ.

ನಮ್ಮದು ಮೈಸೂರಿನ ಸರಸ್ವತಿಪುರಂ ಕಡೆಯ ಸಣ್ಣ ಸಂಗೀತ ಸಭೆ. ತಿಂಗಳಿಗೊಂದು ಕಛೇರಿ, ರಾಮನವಮಿಗೆ ಒಂಬತ್ತು ದಿನ, ಪಾನಕ ಕೋಸಂಬರಿ. ಸದಸ್ಯರು 319. ಅದರಲ್ಲಿ 278 ಜನಕ್ಕೆ ಈಮೇಲ್ ಇದೆ. ಉಳಿದ 41 ಮಂದಿಗೆ ಈಗಲೂ 50 ಪೈಸೆಯ ಅಂಚೆ ಕಾರ್ಡು. 2014ರಿಂದ ಈ ಪಟ್ಟಿ ನೋಡಿಕೊಳ್ಳುವುದು, ಕರೆಯೋಲೆ ಕಳಿಸುವುದು ನನ್ನ ಕೆಲಸ. ಪಟ್ಟಿ ಮನೆಯ ಕಂಪ್ಯೂಟರಿನಲ್ಲಿ ಆಕ್ಸೆಸ್ ಫೈಲಾಗಿ ಇದೆ, ಮೇಲ್ ಹೋಗುವುದು ಅದೇ ಕಂಪನಿಯ ಮೇಲ್ ಸಾಫ್ಟ್‌ವೇರ್ ಔಟ್‌ಲುಕ್ ಮೂಲಕ.

ಶುರುವಿನಲ್ಲಿ ಎಲ್ಲರೂ ಮಾಡುವ ಹಾಗೆ ನಾನೂ ಮಾಡಿದೆ. ಆಕ್ಸೆಸ್‌ನಲ್ಲಿ ಸೆಂಡ್‌ಆಬ್ಜೆಕ್ಟ್ ಅಂತ ಒಂದು ಆಜ್ಞೆ ಇದೆ. ವಿಳಾಸಗಳನ್ನೆಲ್ಲ ಸೆಮಿಕೋಲನ್ ಹಾಕಿ ಪೋಣಿಸಿ ಕೊಟ್ಟರೆ ಒಂದೇ ಮೇಲ್ ಎಲ್ಲರಿಗೂ ಹೋಗುತ್ತದೆ. ಹೋಯಿತು ಕೂಡ. ಆದರೆ ಪ್ರತಿಯೊಬ್ಬರ ವಿಳಾಸವೂ ಪ್ರತಿಯೊಬ್ಬರಿಗೂ ಕಂಡಿತು. ಮಾರನೇ ದಿನವೇ ಒಬ್ಬ ಸದಸ್ಯೆ ಫೋನ್ ಮಾಡಿ, ‘ನನ್ನ ವಿಳಾಸ ಊರಿಗೆಲ್ಲ ಯಾಕೆ ಕೊಟ್ರಿ?’ ಅಂದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕ್ಷಮೆ ಕೇಳಿದೆ. ಆಮೇಲೆ ಸ್ವಲ್ಪ ದಿನ ವಿಳಾಸಗಳನ್ನು ಬಿಸಿಸಿಗೆ, ಅಂದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗಕ್ಕೆ, ಹಾಕಿ ಕಳಿಸಿದೆ. ಗುಟ್ಟು ಉಳಿಯಿತು, ಆದರೆ ಓಲೆ ಮಾತ್ರ ಯಾರಿಗೂ ಬರೆದದ್ದಲ್ಲ ಅನ್ನೋ ಹಾಗಾಯಿತು. ‘ಸದಸ್ಯರೇ’ ಅಂತ ಶುರುವಾಗುವ ಕಾಗದವನ್ನು ಯಾರು ತೆರೆದು ಓದುತ್ತಾರೆ, ಹೇಳಿ.

ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಮೇಲ್, ಅವರವರ ಹೆಸರಿನಲ್ಲಿ, ಕನ್ನಡದಲ್ಲಿ ಹೋಗಬೇಕು ಅಂತ ತೀರ್ಮಾನ ಮಾಡಿದೆ. ಆಗಲೇ ಆ ಏಳು ಪ್ರಶ್ನೆ ಗುರುತು ಎದುರಾದದ್ದು.

ವಿಷಯ ಇಷ್ಟೆ. ಆಕ್ಸೆಸ್‌ನ ಟೇಬಲ್ಲುಗಳಿಗೆ ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ, ಗೊತ್ತು, ಅಲ್ಲಿ ಕನ್ನಡ ಚೆನ್ನಾಗಿ ಕೂರುತ್ತದೆ. ಕೋಡ್ ಬರೆಯುವ ವಿಬಿಎ ಎಡಿಟರಿಗೆ ಗೊತ್ತಿಲ್ಲ. ಆದ್ದರಿಂದ ಕೋಡಿನಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬರೆಯಬೇಡಿ. ‘ಪತ್ರ’ಕ್ಕೆ ಅಂತಲೇ ಬೇರೆ ಟೇಬಲ್ ಮಾಡಿ. ವಿಷಯ ಒಂದು ಕಾಲಮ್ಮಿನಲ್ಲಿ, ಓಲೆಯ ಮಾತೆಲ್ಲ ಉದ್ದ ಬರಹ ಹಿಡಿಸುವ ಲಾಂಗ್ ಟೆಕ್ಸ್ಟ್ ಕಾಲಮ್ಮಿನಲ್ಲಿ ಇರಲಿ. ಕೋಡು ಅಲ್ಲಿಂದ ಎತ್ತಿಕೊಂಡು ಔಟ್‌ಲುಕ್‌ಗೆ ಕೊಡಲಿ. ಟೇಬಲ್ ಮತ್ತು ಕಾಲಮ್ಮುಗಳ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಯಾಕೆಂದರೆ ಅವನ್ನು ಕೋಡಿನಲ್ಲಿ ಬರೆಯಬೇಕಾಗುತ್ತದೆ. ಇದನ್ನು ಮಾಡಿ ನೋಡಿದ ಸಂಜೆ ನನ್ನದೇ ಫೋನಿಗೆ ‘ನಮಸ್ಕಾರ’ ಅಂತ ಮುದ್ದಾಗಿ ಬಂತು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಆದರೆ ನಮಸ್ಕಾರ ಆದಮೇಲೆ ಏನು? ಇಂಗ್ಲಿಷಿನಲ್ಲಾದರೆ ‘ಡಿಯರ್’ ಮುಂದೆ ಯಾವ ಹೆಸರು ಬೇಕಾದರೂ ಇಡಬಹುದು. ನಮ್ಮಲ್ಲಿ ಹಾಗಾಗುವುದಿಲ್ಲ. ಎಲ್ಲ ಹೆಸರಿಗೂ ‘ಅವರೇ’ ಅಂಟಿಸಿದರೆ ‘ರಾಜಣ್ಣ ಅವರೇ’ ಅಂತಾಗುತ್ತದೆ, ಕಿವಿಗೆ ಹಿತವಿಲ್ಲ. ಅದು ರಾಜಣ್ಣನವರೇ ಆಗಬೇಕು. ಗಿರಿಜಾ ಇದ್ದರೆ ಗಿರಿಜಾ ಅವರೇ. ಮೂರ್ತಿ ಇದ್ದರೆ ಮೂರ್ತಿಯವರೇ. ರಾವ್ ಅಂತ ಬರೆದುಕೊಳ್ಳುವವರನ್ನು ನಾವೆಲ್ಲ ಕರೆಯುವುದು ರಾಯರೇ ಅಂತ. ಶಾಸ್ತ್ರಿಗಳು ಶಾಸ್ತ್ರಿಗಳೇ. ಪಾಠ ಹೇಳಿದವರು ಕೊನೇ ತನಕ ಮೇಷ್ಟ್ರೇ, ಹೆಸರು ಹಿಡಿದು ಕರೆಯೋದುಂಟಾ? ಇದನ್ನು ಯಾವ ಕೋಡಿಗೂ ಕಲಿಸಲು ಆಗಲಿಲ್ಲ, ಕಲಿಸುವ ಆಸೆಯನ್ನೂ ಬಿಟ್ಟೆ. ಟೇಬಲ್ಲಿಗೆ ಇನ್ನೊಂದು ಕಾಲಮ್ ಸೇರಿಸಿದೆ. ಅದರಲ್ಲಿ ಒಬ್ಬೊಬ್ಬರನ್ನು ಸಭೆಯಲ್ಲಿ ಎದುರಿಗೆ ಸಿಕ್ಕಾಗ ಹೇಗೆ ಕರೆಯುತ್ತೇವೋ ಹಾಗೇ ಕೈಯಾರೆ ತುಂಬಿದೆ. ಹಳೇ ಪಟ್ಟಿ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಇದ್ದದ್ದರಿಂದ ಮೊದಲು ಯೂನಿಕೋಡಿಗೆ ಬದಲಿಸಿ, ಒಂದೊಂದು ಹೆಸರನ್ನೂ ಕಣ್ಣಿಟ್ಟು ನೋಡಬೇಕಾಯಿತು. ಮೂರು ವಾರ ಹಿಡಿಯಿತು. ಈ 11 ವರ್ಷದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೇ ಕೆಲಸ ಇದೇ.

ಈಗ ತಿಂಗಳ ಮೊದಲ ಶನಿವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ಕೂರುತ್ತೇನೆ. ಮೊದಲು ಫೈಲಿನ ಒಂದು ನಕಲು, ಹೆಸರಿನಲ್ಲಿ ಆ ದಿನದ ತಾರೀಕು ಹಾಕಿ ಪೆನ್‌ಡ್ರೈವಿಗೆ. ಆಮೇಲೆ ಫೈಲನ್ನು ಚೊಕ್ಕ ಮಾಡುವ ಕಾಂಪ್ಯಾಕ್ಟ್ ಅಂಡ್ ರಿಪೇರ್. ಹೊಸ ಓಲೆಯನ್ನು ಪತ್ರದ ಟೇಬಲ್ಲಿಗೆ ಅಂಟಿಸಿ, ಪರೀಕ್ಷೆಯ ಕ್ವೆರಿ (ಟೇಬಲ್ಲಿನಿಂದ ಬೇಕಾದವರನ್ನು ಆರಿಸುವ ಆಜ್ಞೆ) ಓಡಿಸುತ್ತೇನೆ. ಅದರಲ್ಲಿ ನನ್ನದು, ಮನೆಯವರದು ಎರಡೇ ವಿಳಾಸ. ಕೋಡಿನಲ್ಲಿ ಸೆಂಡ್ ಬದಲು ಡಿಸ್‌ಪ್ಲೇ ಅಂತ ಬರೆದರೆ ಮೇಲ್ ಹೋಗದೆ ತೆರೆಯ ಮೇಲೆ ನಿಲ್ಲುತ್ತದೆ. ಓದಿ, ರಾಗ ತಾಳ ಪಕ್ಕವಾದ್ಯದವರ ಹೆಸರು ಸರಿ ಇದೆಯಾ ನೋಡಿ, ಆಮೇಲೆ ಎಲ್ಲರಿಗೂ. ಒಂದಕ್ಕೂ ಇನ್ನೊಂದಕ್ಕೂ 5 ಸೆಕೆಂಡ್ ಬಿಡುವು ಕೊಟ್ಟಿದ್ದೇನೆ, ಒಟ್ಟು 23 ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಔಟ್‌ಬಾಕ್ಸ್ ಖಾಲಿಯಾಗುವುದನ್ನು ನೋಡುತ್ತಾ ಕೂರುವುದು ನನಗೆ ಇಷ್ಟ. ಒಂದೊಂದು ಹೆಸರು ಹೋದಂತೆ ಆ ಮುಖ ನೆನಪಾಗುತ್ತದೆ.

ಪ್ರತಿ ಮೇಲ್ ಹೋದ ಕೂಡಲೇ ಆ ಸದಸ್ಯರ ಸಾಲಿನಲ್ಲಿ ‘ಕಳಿಸಿದ ದಿನ’ ದಾಖಲಾಗುತ್ತದೆ. ಇದನ್ನು ದಯವಿಟ್ಟು ನೀವೂ ಮಾಡಿ. ಮಧ್ಯದಲ್ಲಿ ಕರೆಂಟ್ ಹೋದರೆ, ಮತ್ತೆ ಶುರು ಮಾಡಿದಾಗ ಆ ಸಲದ ತಾರೀಕು ಇಲ್ಲದವರಿಗೆ ಮಾತ್ರ ಹೋಗುತ್ತದೆ. ಯಾರಿಗೂ ಎರಡು ಸಲ ಹೋಗುವುದಿಲ್ಲ.

ಈ ಬುದ್ಧಿ ಬಂದದ್ದು ಒಂದು ಪೆಟ್ಟು ತಿಂದ ಮೇಲೆ. ರೆಕಾರ್ಡ್‌ಸೆಟ್‌ನಲ್ಲಿ, ಅಂದರೆ ಕೋಡು ಓದುವ ಸದಸ್ಯರ ಸಾಲುಗಳಲ್ಲಿ, ಒಬ್ಬರಾದ ಮೇಲೆ ಮುಂದಿನವರಿಗೆ ಹೋಗು ಅಂತ ಹೇಳುವ ಸಾಲು ಮೂವ್‌ನೆಕ್ಸ್ಟ್. ಕೋಡ್ ತಿದ್ದುವಾಗ ಆ ಒಂದು ಸಾಲು ನನ್ನ ಕೈಯಿಂದ ಅಳಿಸಿಹೋಗಿತ್ತು. ಪಟ್ಟಿಯ ಮೊದಲ ಹೆಸರು ಒಬ್ಬ ನಿವೃತ್ತ ಮೇಷ್ಟ್ರದು, ಎಂಬತ್ತು ದಾಟಿದವರು. ಅವರೊಬ್ಬರಿಗೇ ಓಲೆ ಹೋಗುತ್ತಲೇ ಇತ್ತು. ನಾನು ಗಮನಿಸಿ ನೆಟ್ ಕೇಬಲ್ ಕಿತ್ತಾಗ 63 ಆಗಿತ್ತು. ಅವರೇ ಫೋನ್ ಮಾಡಿದರು. ಬೈಯಲಿಲ್ಲ. ‘ಏನಪ್ಪಾ, ಹುಷಾರಾಗಿದ್ದೀಯಾ? ಒಂದೇ ಕಾಗದ ಬರ್ತಾನೇ ಇದೆ’ ಅಂದರು. ಆವತ್ತು ಸಂಜೆ ಮನೆಗೇ ಹೋಗಿ ಬಂದೆ.

ಇನ್ನೆರಡು ಸಣ್ಣ ವಿಷಯ. ಈಮೇಲ್ ಕಾಲಮ್ಮನ್ನು ಹೈಪರ್‌ಲಿಂಕ್ ಅಂತ ಮಾಡಬೇಡಿ, ವಿಳಾಸದ ಜೊತೆ # ಗುರುತು ಸೇರಿಕೊಳ್ಳುತ್ತದೆ. ಸಾದಾ ಟೆಕ್ಸ್ಟ್ ಸಾಕು. ವಿಳಾಸ ಇಲ್ಲದವರು ಪಟ್ಟಿಗೆ ಬರದ ಹಾಗೆ ಕ್ವೆರಿಯಲ್ಲೇ ಕೈಬಿಡಿ, ಇಲ್ಲದಿದ್ದರೆ ಖಾಲಿ ಜಾಗ ಕಂಡು ಎರರ್ 94 ಬಂದು ಓಟ ಅಲ್ಲಿಗೇ ನಿಲ್ಲುತ್ತದೆ.

ಚಿಂತೆಯ ಮಾತೂ ಹೇಳಬೇಕು. ಹೊಸ ಔಟ್‌ಲುಕ್‌ಗೆ ಈ ರೀತಿ ಆಕ್ಸೆಸ್‌ನಿಂದ ಕೆಲಸ ಹೇಳಲು ಬರುವುದಿಲ್ಲ. ಹಳೆಯದು, ಅಂದರೆ ಕ್ಲಾಸಿಕ್, ಅದೇ ಬೇಕು. ಹೊಸದಕ್ಕೆ ಬದಲಾಯಿಸಿ ಅನ್ನುವ ಗುಂಡಿ ಕಂಡರೆ ಒತ್ತಬೇಡಿ. ಕ್ಲಾಸಿಕ್ ಇಲ್ಲದ ದಿನ ಬಂದರೆ ನಾನು ಈ ಕೋಡನ್ನೆಲ್ಲ ಮತ್ತೆ ಬರೆಯಬೇಕು. ನಿಜಕ್ಕೂ ಬೇಸರ. ಮ್ಯಾಕ್ ಇಟ್ಟುಕೊಂಡವರಿಗೆ ಆಕ್ಸೆಸ್ಸೇ ಇಲ್ಲ. ನಿಮ್ಮ ಪಟ್ಟಿ ಸಾವಿರಗಟ್ಟಲೆ ಇದ್ದರೆ ಈ ದಾರಿ ಹಿಡಿಯಬೇಡಿ. ಜಿಮೇಲ್‌ನ ಸಾಮಾನ್ಯ ಖಾತೆಯಿಂದ ದಿನಕ್ಕೆ 500 ಜನಕ್ಕಷ್ಟೇ ಕಳಿಸಬಹುದು. ನಮ್ಮ 278ಕ್ಕೆ ಅದು ಧಾರಾಳ. ಒಬ್ಬೊಬ್ಬರಿಂದ ವರ್ಷಕ್ಕೆ 300 ರೂಪಾಯಿ ಚಂದಾ ಎತ್ತುವ ಸಭೆ ತಿಂಗಳ ಬಾಡಿಗೆಯ ಮೇಲ್ ಸೇವೆಗೆ ದುಡ್ಡು ಎಲ್ಲಿಂದ ತರಬೇಕು? ಆಕ್ಸೆಸ್ ಹೇಗೂ ನನ್ನ ಮನೆಯ ಕಂಪ್ಯೂಟರಿನ ಮೈಕ್ರೋಸಾಫ್ಟ್ ಆಫೀಸ್ ಜೊತೆ ಬಂದದ್ದು.

ಟೇಬಲ್ಲಿನಲ್ಲಿ ಕೂತಿರುವ ಆ ಹೆಸರುಗಳು ಯಾವ ಸಾಫ್ಟ್‌ವೇರಿಗೆ ಬೇಕಾದರೂ ಹೋಗುತ್ತವೆ, ಅದೊಂದು ಧೈರ್ಯ ಇದೆ. ಕಳೆದ ತಿಂಗಳಿಂದ ಸದಸ್ಯತ್ವದ ಅರ್ಜಿಯಲ್ಲೇ ‘ನಿಮ್ಮನ್ನು ಹೇಗೆ ಕರೆಯಲಿ?’ ಅಂತ ಒಂದು ಸಾಲು ಹಾಕಿದ್ದೇವೆ. ಹೊಸದಾಗಿ ಸೇರಿದ ಒಬ್ಬರು ಅಲ್ಲಿ ‘ಅಜ್ಜಿ ಅಂದ್ರೆ ಸಾಕು’ ಅಂತ ಬರೆದುಕೊಟ್ಟಿದ್ದಾರೆ. ಈ ಶನಿವಾರದ ಓಲೆ ಅವರಿಗೆ ‘ನಮಸ್ಕಾರ ಅಜ್ಜಿ’ ಅಂತಲೇ ಹೋಗುತ್ತದೆ.