ಸಿಟ್-ಆನ್-ಟಾಪ್ ಕಯಾಕಾ, ಸಿಟ್-ಇನ್ ಕಯಾಕಾ?

ಕಡಲಲ್ಲಿ ಗಾಳ ಹಾಕಲು ಮೊದಲ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರುದೋಣಿ) ಕೊಳ್ಳುವವರಿಗೆ ನಾನು ಮೇಲೆಯೇ ಕೂರುವ ಸಿಟ್-ಆನ್-ಟಾಪ್ ಅಂತಲೇ ಹೇಳುವುದು. ಕಾಲು ಒಳಗೆ ಚಾಚಿ ಕೂರುವ ಸಿಟ್-ಇನ್ ಜಾಸ್ತಿ ವೇಗ, ಕಾಲೂ ಒದ್ದೆಯಾಗುವುದಿಲ್ಲ, ಸರಿ. ಆದರೆ ಮಗುಚಿದರೆ ಒಳಗೆಲ್ಲ ನೀರು, ಅಲೆಗಳ ನಡುವೆ ತೇಲುತ್ತಾ ಕೈಪಂಪಿನಿಂದ ಅದನ್ನು ಖಾಲಿ ಮಾಡುವುದು ಹೊಸಬರ ಕೈಲಿ ಆಗುವ ಮಾತಲ್ಲ. ಸಿಟ್-ಆನ್-ಟಾಪ್‌ನಲ್ಲಿ ತಳದ ತೂತುಗಳಿಂದ ನೀರು ತಾನಾಗಿ ಇಳಿಯುತ್ತದೆ. ಅಡ್ಡಕ್ಕೆ ಕೈಚಾಚಿ, ಕಾಲು ಬಡಿದು, ಹೊಟ್ಟೆ ಮೇಲೆ ಜಾರಿ ಮತ್ತೆ ಹತ್ತಬಹುದು. ಕಾಲು ಆಚೀಚೆ ಇಳಿಬಿಟ್ಟು ಆರಾಮಾಗಿ ಬಂಗುಡೆ ಬಿಡಿಸಬಹುದು. ತೂಕದ್ದೇ ಗೋಳು: ಮೀನಿಗೆಂದೇ ಮಾಡಿದ ಎಷ್ಟೋ ಕಯಾಕ್‌ಗಳು 30 ಕೆಜಿ ದಾಟುತ್ತವೆ, ಮರಳಲ್ಲಿ ಎಳೆಯಲು ಗಾಲಿ ಬೇಕೇ ಬೇಕು.

ದುಡ್ಡು ಸಾಲದಿದ್ದರೆ ಮೀನು ಪತ್ತೆಹಚ್ಚುವ ಫಿಶ್ ಫೈಂಡರ್ ಬಿಡಿ, ಲೈಫ್ ಜಾಕೆಟ್ ಬಿಡಬೇಡಿ. ಹುಟ್ಟಿಗೂ ಗಾಳದ ಕೋಲಿಗೂ ಹಗ್ಗ ಕಟ್ಟಿ. ಉಡುಪಿ ಕಡೆಯವರಾದರೆ ಮಳೆಗಾಲ ಕಳೆದ ಮೇಲೆ ಉದ್ಯಾವರ ಹೊಳೆಯಲ್ಲಿ, ಅಳಿವೆಯಿಂದ ದೂರ, ಬೇಕಂತಲೇ ಮಗುಚಿ ಹತ್ತಿ ನೋಡಿ.