ಅಪೆಕ್ಸ್‌ನಲ್ಲಿ ಸ್ಕ್ರಿಪ್ಟ್ ಮತ್ತು ಚಿತ್ರಗಳ ಫೈಲ್ ನಿರ್ವಹಣೆ: ಶಿರಸಿಯಿಂದ ನಾಲ್ಕು ವರ್ಷಗಳ ಬಳಕೆಯ ವಿಮರ್ಶೆ

ಶಿರಸಿಯ ಅಡಿಕೆ ವಹಿವಾಟಿನ ಕಚೇರಿಯೊಂದರಲ್ಲಿ ಆವಕ, ಟೆಂಡರ್, ಸದಸ್ಯರ ಖಾತೆ ಮತ್ತು ದಾಸ್ತಾನು ನೋಡಿಕೊಳ್ಳುವ ನಾಲ್ಕು ಅಪ್ಲಿಕೇಶನ್‌ಗಳನ್ನು ನಾನು ಒರಾಕಲ್ ಅಪೆಕ್ಸ್‌ನಲ್ಲಿ ಕಟ್ಟಿ ನಿರ್ವಹಿಸುತ್ತಿದ್ದೇನೆ. 2004ರಲ್ಲಿ ಎಚ್‌ಟಿಎಂಎಲ್ ಡಿಬಿ ಎಂಬ ಹೆಸರಿನಿಂದ ಬಂದ ಈ ಸಾಧನವು ಡೇಟಾಬೇಸ್‌ನ ಒಳಗೇ ನೆಲೆಸಿ, ಬ್ರೌಸರ್‌ನಿಂದಲೇ ಅಪ್ಲಿಕೇಶನ್ ಕಟ್ಟಲು ಅನುವು ಮಾಡಿಕೊಡುತ್ತದೆ. ಇದರ ಫಾರ್ಮು, ರಿಪೋರ್ಟುಗಳನ್ನು ಹೊಗಳಿದವರು ಬಹಳ ಜನರಿದ್ದಾರೆ. ನಾವೇ ಬರೆದ ಜಾವಾಸ್ಕ್ರಿಪ್ಟ್ (ಪುಟ ಕೆಲಸ ಮಾಡುವ ಬಗೆಯನ್ನು ಹೇಳುವ ಕೋಡ್), ಸಿಎಸ್‌ಎಸ್ (ಪುಟದ ರೂಪವನ್ನು ಹೇಳುವ ಕೋಡ್), ಲೋಗೊ, ಚಿತ್ರಗಳನ್ನು ಇದರಲ್ಲಿ ಎಲ್ಲಿಡಬೇಕು ಎಂಬ ವಿಷಯಕ್ಕಷ್ಟೇ ಈ ವಿಮರ್ಶೆ ಸೀಮಿತ.

ಇಡುವುದಕ್ಕೆ ಮೂರು ಜಾಗಗಳಿವೆ. ಶೇರ್ಡ್ ಕಾಂಪೊನೆಂಟ್ಸ್ ಎಂಬ ವಿಭಾಗದಲ್ಲಿರುವ ಅಪ್ಲಿಕೇಶನ್ ಫೈಲ್‌ಗಳು ಆ ಒಂದು ಅಪ್ಲಿಕೇಶನ್‌ಗೆ ಸೇರಿದವು. ವರ್ಕ್‌ಸ್ಪೇಸ್ ಎಂದರೆ ಅಪ್ಲಿಕೇಶನ್‌ಗಳನ್ನು ಕಟ್ಟುವ ಸಾಮಾನ್ಯ ಅಂಗಳ; ಅದರ ಫೈಲ್‌ಗಳನ್ನು ಅಲ್ಲಿನ ಎಲ್ಲ ಅಪ್ಲಿಕೇಶನ್‌ಗಳೂ ಹಂಚಿಕೊಳ್ಳಬಹುದು. ಮೂರನೆಯದು ವೆಬ್ ಸರ್ವರ್‌ನ ಡಿಸ್ಕಿನಲ್ಲಿರುವ ಫೋಲ್ಡರ್. ಮೂರನೆಯದರ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ: ಅಪೆಕ್ಸ್‌ನ ಸ್ವಂತ ಇಮೇಜಸ್ ಫೋಲ್ಡರ್‌ನಲ್ಲಿ ನಿಮ್ಮ ಫೈಲ್ ಇಡಬೇಡಿ. ನನಗಿಂತ ಮೊದಲು ಈ ಕೆಲಸ ಮಾಡಿದವರೊಬ್ಬರು ಕಚೇರಿಯ ಲೋಗೊವನ್ನು ಅಲ್ಲಿಯೇ ಇಟ್ಟು ಹೋಗಿದ್ದರು. ಆವೃತ್ತಿ ಬದಲಿಸುವಾಗ ಆ ಫೋಲ್ಡರ್‌ನ ಜಾಗಕ್ಕೆ ಹೊಸ ಫೋಲ್ಡರ್ ಬರುವುದು ಕ್ರಮವೇ ಆಗಿರುವುದರಿಂದ, ಮರುದಿನ ಬೆಳಿಗ್ಗೆ ಸದಸ್ಯರ ಕೈಗೆ ಹೋದ ಪಟ್ಟಿಗಳಲ್ಲಿ ಲೋಗೊ ಇರಬೇಕಾದಲ್ಲಿ ಖಾಲಿ ಚೌಕವಷ್ಟೇ ಉಳಿದಿತ್ತು.

ಅಪ್ಲಿಕೇಶನ್ ಫೈಲ್‌ಗಳ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಫೋಲ್ಡರ್‌ಗಳ ಸಮೇತ ಒಂದು ಜಿಪ್ ಏರಿಸಿದರೆ ಅದು ಬಿಚ್ಚಿಕೊಂಡು, ಅದೇ ಫೋಲ್ಡರ್ ರಚನೆಯಲ್ಲಿ ಕೂರುತ್ತದೆ. ಆದ್ದರಿಂದ ಸಿಎಸ್‌ಎಸ್‌ನ ಒಳಗೆ ಚಿತ್ರಕ್ಕೆ ಕೊಟ್ಟ ಸಾಪೇಕ್ಷ ವಿಳಾಸಗಳು (ಆ ಫೈಲ್ ಇರುವ ಜಾಗದಿಂದ ಲೆಕ್ಕ ಹಾಕುವ ವಿಳಾಸಗಳು) ಕೆಡುವುದಿಲ್ಲ. ಫೈಲ್ ಬದಲಾದಾಗ ಅದರ ವಿಳಾಸದಲ್ಲಿರುವ ಆವೃತ್ತಿ ಸಂಖ್ಯೆಯೂ ಬದಲಾಗುವುದರಿಂದ, ಯಲ್ಲಾಪುರ, ಸಿದ್ದಾಪುರದ ಶಾಖೆಗಳಿಗೆ ಫೋನ್ ಮಾಡಿ 'ಬ್ರೌಸರ್‌ನ ಕ್ಯಾಶೆ (ಉಳಿಸಿಟ್ಟುಕೊಂಡ ಹಳೆಯ ಪ್ರತಿ) ಅಳಿಸಿ' ಎಂದು ಹೇಳುವ ಕಾಟ ತಪ್ಪಿದೆ. ಮುಖ್ಯವಾಗಿ, ಬೇರೆಡೆಗೆ ಒಯ್ಯಲು ಅಪ್ಲಿಕೇಶನ್ನನ್ನು ಫೈಲ್ ಆಗಿ ಹೊರತೆಗೆದರೆ, ಅಂದರೆ ಎಕ್ಸ್‌ಪೋರ್ಟ್ ಮಾಡಿದರೆ, ಈ ಫೈಲ್‌ಗಳೂ ಅದರೊಟ್ಟಿಗೆ ಹೋಗುತ್ತವೆ. ವರ್ಕ್‌ಸ್ಪೇಸ್ ಫೈಲ್‌ಗಳು ಹಾಗೆ ಹೋಗುವುದಿಲ್ಲ, ಅವನ್ನು ಬೇರೆಯಾಗಿಯೇ ಸಾಗಿಸಬೇಕು. ಇದನ್ನು ಮರೆತು ಪರೀಕ್ಷೆಯ ಸರ್ವರ್‌ನಿಂದ ಅಸಲಿ ಸರ್ವರ್‌ಗೆ ಅಪ್ಲಿಕೇಶನ್ ಒಯ್ದು, ಗುಂಡಿ ಒತ್ತಿದರೂ ಏನೂ ಆಗದ ಪುಟದೆದುರು ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ. ಈಗ ಲೋಗೊ ಒಂದನ್ನು ಬಿಟ್ಟರೆ ಬೇರೇನನ್ನೂ ವರ್ಕ್‌ಸ್ಪೇಸ್‌ನಲ್ಲಿ ಇಡುವುದಿಲ್ಲ.

21.2ನೇ ಆವೃತ್ತಿಯಿಂದ, ಅಪ್ಲಿಕೇಶನ್ ಫೈಲ್‌ಗಳನ್ನು ಕರೆಯುವಾಗ ಪೂರ್ತಿ ವಿಳಾಸದ ಜಾಗದಲ್ಲಿ ಬರೆಯುವ ಬದಲಿ ಪದವು 'ಆ್ಯಪ್ ಇಮೇಜಸ್' ಎಂಬುದರಿಂದ 'ಆ್ಯಪ್ ಫೈಲ್ಸ್' ಎಂದಾಯಿತು. ಹಳೆಯದೂ ನಡೆಯುತ್ತದೆ. ಜಾವಾಸ್ಕ್ರಿಪ್ಟ್ ಫೈಲನ್ನು 'ಇಮೇಜಸ್' ಎಂದು ಕರೆಯಬೇಕಾಗಿದ್ದ ವಿಚಿತ್ರ ಕೊನೆಗೂ ಮುಗಿಯಿತು ಎಂಬುದೇ ನನಗೆ ಸಮಾಧಾನ.

ಕನ್ನಡದಲ್ಲಿ ಕೆಲಸ ಮಾಡುವವರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಫೈಲ್ ಏರಿಸುವಾಗ ಅಕ್ಷರ ಸಂಕೇತವನ್ನು ಆರಿಸುವ ಒಂದು ಆಯ್ಕೆ ಇದೆ. ಸ್ಕ್ರಿಪ್ಟ್‌ನ ಒಳಗೆ 'ತೂಕ ನಮೂದಿಸಿ' ಎಂಬಂಥ ಸಂದೇಶಗಳಿದ್ದರೆ ಕನ್ನಡ ಅಕ್ಷರಗಳನ್ನೂ ಒಳಗೊಳ್ಳುವ ಯುಟಿಎಫ್-8 ಎಂಬ ಸಂಕೇತವನ್ನು ಆರಿಸಿಯೇ ಮುಂದುವರಿಯಬೇಕು. ನಾನು ಹಳೆಯ ಸಂದೇಶಗಳನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಆಸ್ಕಿ ಅಕ್ಷರಗಳಲ್ಲಿದ್ದ (ಯೂನಿಕೋಡ್ ಅಲ್ಲದ ಹಳೆಯ ಬಗೆಯ) ಕಡತದಿಂದ ಹಾಗೆಯೇ ನಕಲಿಸಿ ಅಂಟಿಸಿದ್ದೆ. ಪರದೆಯ ಮೇಲೆ ಬಂದದ್ದು ಓದಲಾಗದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಅಲ್ಲಿ ತಪ್ಪು ಸಾಧನದ್ದಲ್ಲ, ನನ್ನದು. ಹಾಗೆಯೇ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರಗಳ ವ್ಯತ್ಯಾಸವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕ್ಯಾಮೆರಾ ಕೊಡುವ ದೊಡ್ಡಕ್ಷರದ ಜೆಪಿಜಿಯನ್ನು ಸಣ್ಣಕ್ಷರದಲ್ಲಿ ಕರೆದರೆ ಚಿತ್ರ ಸಿಗುವುದಿಲ್ಲ.

ಚಿತ್ರಗಳ ವಿಷಯದಲ್ಲಿ ನನ್ನ ತಿಳಿವಳಿಕೆ ತಿದ್ದಿಕೊಳ್ಳಲು ಎರಡು ವರ್ಷ ಬೇಕಾಯಿತು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂಬ ದರ್ಜೆಗಳಿಗೆ ಒಂದೊಂದು ಮಾದರಿ ಚಿತ್ರವಿದೆ. ಅವು ವರ್ಷಗಟ್ಟಲೆ ಬದಲಾಗದವು, ಅಪ್ಲಿಕೇಶನ್ ಫೈಲ್‌ಗಳಾಗಿಯೇ ಇರಬೇಕು. ಆದರೆ ಪ್ರತಿದಿನ ಬರುವ ಲಾಟುಗಳ ಫೋಟೋಗಳು ಡೇಟಾ. ಮೊದಮೊದಲು ಅವನ್ನೂ ಅಲ್ಲಿಯೇ ತುಂಬಿ, ಎಕ್ಸ್‌ಪೋರ್ಟ್ ಫೈಲ್ ತೆರೆಯಲಾರದಷ್ಟು ಊದಿಕೊಂಡಿತು. ಈಗ ಅವು ನಮ್ಮದೇ ಟೇಬಲ್‌ನ ಬ್ಲಾಬ್ ಕಾಲಮ್‌ನಲ್ಲಿವೆ (ಚಿತ್ರದಂಥ ಫೈಲನ್ನು ಇಡೀಯಾಗಿ ಇಡುವ ಕಾಲಮ್). ನಾವು ಬಳಸುವ ಉಚಿತ 21ಸಿ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಬಳಕೆದಾರರ ಡೇಟಾಕ್ಕೆ 12 ಜಿಬಿ ಮಿತಿಯಿದೆ. ಮೊಬೈಲ್‌ನ 3 ಎಂಬಿ ಫೋಟೋಗಳನ್ನು ಹಾಗೆಯೇ ಸೇರಿಸುತ್ತ ಹೋದರೆ ನಾಲ್ಕು ಸಾವಿರಕ್ಕೆ ಮಿತಿ ಮುಗಿಯುತ್ತದೆ. ಬ್ರೌಸರ್‌ನಲ್ಲಿಯೇ 150 ಕೆಬಿಗೆ ಇಳಿಸಿ ಕಳಿಸಿದರೆ ಎಂಬತ್ತು ಸಾವಿರದವರೆಗೂ ಹೋಗಬಹುದು. ಇಳಿಸುವ ಆ ಸಣ್ಣ ಸ್ಕ್ರಿಪ್ಟ್ ಮಾತ್ರ ಅಪ್ಲಿಕೇಶನ್ ಫೈಲ್.

ಇನ್ನು ಕೊರತೆ. ಅದೇ ಹೆಸರಿನ ಫೈಲನ್ನು ಮತ್ತೆ ಏರಿಸಿದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ, ಹಿಂದಿನ ಪ್ರತಿಗಳ ಪಟ್ಟಿ ಅಲ್ಲಿ ಸಿಗುವುದಿಲ್ಲ. ಎಸ್‌ಕ್ಯೂಎಲ್‌ಸಿಎಲ್ ಎಂಬ ಒರಾಕಲ್‌ನ ಆದೇಶ ಸಾಲಿನ ಸಾಧನದಿಂದ ಅಪ್ಲಿಕೇಶನ್ನನ್ನು ಬಿಡಿಬಿಡಿಯಾಗಿ ಎಕ್ಸ್‌ಪೋರ್ಟ್ ಮಾಡಿ, ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ಗೆ ಸೇರಿಸಿದರೆ ಪುಟಗಳ ಬದಲಾವಣೆಗಳನ್ನು ಸಲೀಸಾಗಿ ಓದಬಹುದು. ಸ್ಕ್ರಿಪ್ಟ್ ಫೈಲ್‌ಗಳಾದರೋ ಹೆಕ್ಸ್ ಸಂಖ್ಯೆಗಳ (ಹದಿನಾರರ ಮೂಲದ ಸಂಕೇತಗಳ) ಸಾಲುಸಾಲಾಗಿ ಬರುತ್ತವೆ. ಒಂದು ಅಲ್ಪವಿರಾಮ ತಿದ್ದಿದ್ದೇನೋ ಇಡೀ ಫಂಕ್ಷನ್ ಬದಲಿಸಿದ್ದೇನೋ, ನೋಡಿ ಹೇಳುವಂತಿಲ್ಲ. ಈ ಕಾರಣದಿಂದ ನಾನು ಮೂಲ ಪ್ರತಿಗಳನ್ನು ನನ್ನ ಲ್ಯಾಪ್‌ಟಾಪ್‌ನ ಬೇರೆ ಫೋಲ್ಡರ್‌ನಲ್ಲಿಟ್ಟು ಗಿಟ್‌ಗೆ ಸೇರಿಸುತ್ತೇನೆ, ತಿದ್ದುವುದೂ ಅಲ್ಲಿಯೇ. ಅಪೆಕ್ಸ್‌ನ ಒಳಗಿನ ಎಡಿಟರ್ ಎಷ್ಟೇ ಕೈಗೆಟುಕುವಂತಿದ್ದರೂ ಅದನ್ನು ತುರ್ತಿಗಷ್ಟೇ ಮುಟ್ಟುತ್ತೇನೆ. ಇಬ್ಬರಿಗಿಂತ ಹೆಚ್ಚು ಜನ ಒಂದೇ ಅಪ್ಲಿಕೇಶನ್ ತಿದ್ದುವ ಕಚೇರಿಯಲ್ಲಿ ಈ ನಿಯಮ ಇಲ್ಲದಿದ್ದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳಿಸುವುದು ಖಂಡಿತ.

ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ಜಿಪ್ ಆಗಿ ಇಳಿಸಿಕೊಳ್ಳುವ ಗುಂಡಿಯೊಂದಿದೆ. ಘಟ್ಟದ ಮೇಲಿನ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು, ಇಂಟರ್‌ನೆಟ್ ಎರಡೂ ಒಮ್ಮೆಲೇ ಹೋಗುವುದು ಇಲ್ಲಿ ಹೊಸತಲ್ಲವಾದ್ದರಿಂದ, ಮೃಗಶಿರ ಮಳೆ ಹಿಡಿಯುವುದಕ್ಕೆ ಮುಂಚೆ ನಾಲ್ಕೂ ಅಪ್ಲಿಕೇಶನ್‌ಗಳ ಜಿಪ್ ಇಳಿಸಿ, ಲ್ಯಾಪ್‌ಟಾಪ್‌ನ ಫೋಲ್ಡರ್‌ನೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ಸರಿಪಡಿಸುತ್ತೇನೆ. ಈ ಸಲ ಹೋಲಿಸಿದಾಗ ಎರಡು ಫೈಲ್‌ಗಳಲ್ಲಿ ವ್ಯತ್ಯಾಸ ಸಿಕ್ಕಿತು. ಎರಡೂ ನಾನೇ ತುರ್ತಿನಲ್ಲಿ ಒಳಗಿನ ಎಡಿಟರ್‌ನಿಂದ ತಿದ್ದಿ, ಫೋಲ್ಡರ್‌ಗೆ ತಂದುಕೊಳ್ಳಲು ಮರೆತವು.